ವಿಷಯ ಕೊಟ್ಟವರು ಯಾರು?

ಕೊನೆಯ ಸೆಮಿಸ್ಟರಿಗೆ ಬಂದ ಹುಡುಗರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವ ಮಾತು ಒಂದೇ: ‘ಸರ್, ವಿಷಯ ಕೊಡ್ರಿ.’ ಕಿರುಪ್ರಬಂಧಕ್ಕೆ ವಿಷಯ. ಯಾದಗಿರಿಯಾಗಲಿ, ಶಹಾಪುರವಾಗಲಿ, ಸುರಪುರವಾಗಲಿ, ಮಾತೂ ಇದೇ, ದನಿಯೂ ಇದೇ. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರ ದನಿ. ಕೊಡುವ ನಾವೂ ಹಾಗೆಯೇ ಕೊಡುತ್ತೇವೆ. ಹಿಂದಿನ ವರ್ಷದ ಪಟ್ಟಿ ತೆಗೆದು, ಊರಿನ ಹೆಸರು ಬದಲಿಸಿ, ತೂಕದಲ್ಲಿ ಒಂದಿಷ್ಟು ಹಿಡಿದುಕೊಂಡು.

ದಲಿತ ವಿಮರ್ಶೆಯ ಈ ಸಂಚಿಕೆಯಲ್ಲಿ ಕಾವ್ಯ, ಕತೆ, ಆತ್ಮಕಥನಗಳ ಬಗ್ಗೆ ಗಟ್ಟಿ ಲೇಖನಗಳು ಇರುತ್ತವೆ. ಇರಬೇಕು. ಆದರೆ ವಿಮರ್ಶೆಯೆಂದರೆ ಅಚ್ಚಾಗಿ ಬಂದ ಪುಸ್ತಕದ ಬಗ್ಗೆ ಹೇಳುವ ಮಾತು ಮಾತ್ರ ಎಂದುಕೊಂಡರೆ, ಪುಸ್ತಕವಾಗುವ ಮೊದಲೇ ಸತ್ತುಹೋಗುವ ಬರವಣಿಗೆಯ ಬಗ್ಗೆ ಯಾರು ಮಾತಾಡಬೇಕು? ಕಪ್ಪು ರೆಕ್ಸಿನ್ ಹೊದಿಕೆ, ಬಂಗಾರದ ಅಕ್ಷರ, ಮೂರು ಪ್ರತಿ. ವಿಭಾಗದ ಕಪಾಟಿಗೆ ಒಂದು, ಮಾರ್ಗದರ್ಶಕರಿಗೆ ಒಂದು, ಮನೆಯ ಟ್ರಂಕಿಗೆ ಒಂದು. ಮೂರೂ ಕಡೆ ಅದನ್ನು ತೆರೆದು ಓದುವವರಿಲ್ಲ. ಎಂ.ಫಿಲ್ ಎಂಬ ನಡುವಿನ ಮೆಟ್ಟಿಲನ್ನು ಯುಜಿಸಿ 2022ರ ನಿಯಮದಲ್ಲಿ ಕಿತ್ತುಹಾಕಿತು. 2021ರಲ್ಲಿ ರಾಜ್ಯಕ್ಕೆ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಹಾಗಾಗಿ ನಮ್ಮ ಕಡೆಯ ಬಹುಪಾಲು ಹುಡುಗ ಹುಡುಗಿಯರಿಗೆ ಎಂ.ಎ. ಕೊನೆಯ ಈ ಅರವತ್ತು ಎಪ್ಪತ್ತು ಪುಟಗಳೇ ಮೊದಲ ಸಂಶೋಧನೆ, ಅದೇ ಕೊನೆಯದೂ ಹೌದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ಅಂಥ ನೆಲದಲ್ಲಿ ಕೇರಿಯ ಒಬ್ಬ ಹುಡುಗಿ ಈ ಎಪ್ಪತ್ತು ಪುಟದ ತನಕ ಬಂದು ನಿಂತಾಗ ಅವಳ ಕೈಗೆ ನಾವು ಯಾವ ವಿಷಯ ಇಡುತ್ತೇವೆ ಎಂಬುದನ್ನು ವಿಭಾಗದ ಗುಮಾಸ್ತಿಕೆ ಎಂದು ತಳ್ಳಿಹಾಕಲಾಗದು. ಸಾಂಸ್ಕೃತಿಕ ರಾಜಕಾರಣ ಎಂದು ನಾವು ಭಾಷಣದಲ್ಲಿ ಹೇಳುವುದು ನಮ್ಮ ಕೈಯಿಂದಲೇ ನಡೆಯುವ ಜಾಗ ಅದು.

ಕಪಾಟಿನ ಬೆನ್ನುಗಳನ್ನು ಓದುತ್ತ ಹೋದರೆ ಒಂದು ಬಾಲ ಎಲ್ಲದಕ್ಕೂ ಅಂಟಿಕೊಂಡಿರುವುದು ಕಾಣುತ್ತದೆ: ‘ಒಂದು ಅಧ್ಯಯನ’. ಸ್ವಲ್ಪ ಧೈರ್ಯ ಇದ್ದವರು ‘ಒಂದು ಸಾಂಸ್ಕೃತಿಕ ಅಧ್ಯಯನ’ ಎಂದು ಬರೆಸುತ್ತಾರೆ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂತು. ಶಾಸನದ ಕಲ್ಲಿನೊಳಗಿಂದ ಜನರ ಬದುಕನ್ನು ಹೊರತೆಗೆಯಬಹುದು ಎಂದು ತೋರಿಸಿದ ದೊಡ್ಡ ಕೆಲಸ ಅದು. ನಮ್ಮ ವಿಭಾಗಗಳು ಆ ದುಡಿಮೆಯನ್ನು ಬಿಟ್ಟು ತಲೆಬರಹವನ್ನು ಮಾತ್ರ ಉಳಿಸಿಕೊಂಡವು. ‘ಅಧ್ಯಯನ’ ಎಂದ ಮೇಲೆ ಪ್ರಶ್ನೆ ಬೇಕಿಲ್ಲ. ಪೀಠಿಕೆ, ಪರಿಸರ, ಜೀವನ, ಕೃತಿಗಳು, ಸಮಾರೋಪ. ಐದು ಅಧ್ಯಾಯ ತುಂಬಿದರೆ ಮುಗಿಯಿತು.

ಇನ್ನೂ ಒಂದನ್ನು ಗಮನಿಸಬೇಕು. ಯಾರಿಗೆ ಯಾವ ವಿಷಯ ಹೋಗಿದೆ ಎಂದು ನೋಡಿ. ಮಠದ ಬಗ್ಗೆ ಬರೆಯುವವರು ಮಠದ ಕಡೆಯ ಮನೆಯವರು. ಬೇಡರ ಹುಡುಗನಿಗೆ ಸುರಪುರ ಸಂಸ್ಥಾನ. ಮುಸ್ಲಿಂ ಹುಡುಗಿಗೆ ಸೂಫಿಗಳು ಅಥವಾ ಮೊಹರಂ ಪದ. ಕುರುಬರ ಹುಡುಗನಿಗೆ ಮೈಲಾಪುರದ ಮಲ್ಲಯ್ಯ. ಕೇರಿಯ ಹುಡುಗನಿಗೆ ದಲಿತ ಕಾವ್ಯ, ಕೇರಿಯ ಹುಡುಗಿಗೆ ದಲಿತ ಮಹಿಳೆ. ಹಾಜರಿ ಪುಸ್ತಕದ ಜಾತಿ ಕಾಲಂ ನೋಡಿ ಹಂಚಿದ ಹಾಗೆ. ಇದನ್ನು ಯಾರೂ ನಿಯಮ ಮಾಡಿಲ್ಲ. ನಿಯಮವಿದ್ದಿದ್ದರೆ ಅದರ ವಿರುದ್ಧ ಧರಣಿ ಕೂಡಬಹುದಿತ್ತು. ಇದು ಪ್ರೀತಿಯಿಂದ, ‘ನಿನಗೆ ಇದು ಹತ್ತಿರದ್ದು’ ಎಂಬ ಅಕ್ಕರೆಯಿಂದ ನಡೆಯುತ್ತದೆ. ಊರಲ್ಲಿ ಯಾರ ಮನೆ ಎಲ್ಲಿರಬೇಕು ಎಂದು ಹೇಳುವ ಅಕ್ಕರೆ ಇದೆಯಲ್ಲ, ಅದೇ.

ಈ ಮಾತನ್ನು ನಾನು ಬೇರೆಯವರ ಮೇಲೆ ಹೊರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಒಬ್ಬ ಹುಡುಗಿ ಬಂದು ವಿಷಯ ಕೇಳಿದಳು. ಮಾದಿಗರ ಕೇರಿಯವಳು. ನಾನೂ ಕೇರಿಯವನೇ, ಹಾಗಾಗಿ ಸಲುಗೆ. ‘ನೋಡವ್ವ, ದೇವದಾಸಿ ಪದ್ಧತಿ ಮೇಲೆ ಮಾಡು. ಒಂದು ತಾಲೂಕು ಹಿಡ್ಕೋ. ನಿಂಗ ಮಾಹಿತಿ ಸಲೀಸಾಗಿ ಸಿಗ್ತದ’ ಎಂದೆ. ಸಲೀಸು ಎಂಬ ಮಾತು ಯಾಕೆ ಬಂತೆಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ತಲೆಯಾಡಿಸಿ ಹೋದಳು. ವಾರದ ಮೇಲೆ ಮಾದರಿಗೆಂದು ಕೊಟ್ಟಿದ್ದ ಪ್ರಶ್ನಾವಳಿಯನ್ನು ತಂದು ಮೇಜಿನ ಮೇಲಿಟ್ಟು, ‘ಸರ್, ಇದು ನಮ್ಮವ್ವಗೂ ಕೇಳಬೇಕೇನ್ರಿ?’ ಎಂದಳು. ಸಿಟ್ಟಿನಿಂದ ಅಲ್ಲ. ಗೊತ್ತಿಲ್ಲದವರು ಕೇಳುವ ಹಾಗೆ.

ಆ ಪ್ರಶ್ನಾವಳಿಯನ್ನು ಅವತ್ತು ಮೊದಲ ಸಲ ಸರಿಯಾಗಿ ಓದಿದೆ. ಹೆಸರು, ವಯಸ್ಸು, ಜಾತಿ. ಮುತ್ತು ಕಟ್ಟಿದಾಗ ವಯಸ್ಸೆಷ್ಟು. ಮಕ್ಕಳೆಷ್ಟು. ಈಗಿನ ಆದಾಯ ಎಷ್ಟು. ಸರ್ಕಾರದ ಸೌಲಭ್ಯ ಸಿಕ್ಕಿದೆಯೇ. ನಲವತ್ತು ಪ್ರಶ್ನೆಯಲ್ಲಿ ಒಂದಾದರೂ ಮುತ್ತು ಕಟ್ಟಿಸಿದವರಿಗೆ, ಜಮೀನು ಕೊಡುತ್ತೇನೆಂದು ಮಾತು ಕೊಟ್ಟು ಮರೆತವರಿಗೆ, ಗುಡಿಯ ಕಮಿಟಿಯವರಿಗೆ ಹೋಗುತ್ತಿರಲಿಲ್ಲ. ಎಲ್ಲ ಪ್ರಶ್ನೆಯೂ ಕೆಳಕ್ಕೆ ಹರಿಯುತ್ತಿದ್ದವು. ರಾಜ್ಯ 1982ರಲ್ಲಿ ಸಮರ್ಪಣೆ ನಿಷೇಧದ ಕಾಯ್ದೆ ಮಾಡಿತು. 1993-94ರಲ್ಲಿ ಒಮ್ಮೆ, 2007-08ರಲ್ಲಿ ಒಮ್ಮೆ ಸಮೀಕ್ಷೆ ಆಗಿ ಸುಮಾರು 46 ಸಾವಿರ ಹೆಣ್ಣುಮಕ್ಕಳ ಪಟ್ಟಿ ಸಿದ್ಧವಾಯಿತು. ಪಟ್ಟಿ ಹೆಣ್ಣುಮಕ್ಕಳದು ಮಾತ್ರ. ನಮ್ಮ ಕಿರುಪ್ರಬಂಧಗಳು ಆ ಪಟ್ಟಿಯ ಬಾಲಬಡುಕರಾಗಿ ಮತ್ತದೇ ಮನೆಯ ಬಾಗಿಲು ಬಡಿದವು. ಒಬ್ಬ ತಾಯಿ ಎಷ್ಟು ಸಲ ಅದೇ ಉತ್ತರ ಹೇಳಬೇಕು? ಕೊನೆಗೆ ತನ್ನ ಮಗಳಿಗೂ, ಕಾಲೇಜಿನ ಹಾಳೆ ಎದುರಿಗಿಟ್ಟುಕೊಂಡು?

ಗೋಪಾಲ್ ಗುರು 2002ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದ ಲೇಖನ ನಮ್ಮಲ್ಲಿ ಅನೇಕರಿಗೆ ಗೊತ್ತು. ಸಮಾಜವಿಜ್ಞಾನದ ಒಳಗೇ ಒಂದು ವರ್ಣವ್ಯವಸ್ಥೆಯಿದೆ, ಸಿದ್ಧಾಂತ ಕಟ್ಟುವವರು ಒಂದು ಕಡೆ, ಅವರಿಗೆ ವಿವರ ಹೊತ್ತು ತರುವವರು ಇನ್ನೊಂದು ಕಡೆ ಎಂಬುದು ಅದರ ತಿರುಳು. ಆ ಲೇಖನ ದೊಡ್ಡ ವಿಶ್ವವಿದ್ಯಾಲಯಗಳನ್ನು ಕುರಿತದ್ದು ಎಂದು ನಾವು ಓದಿದೆವು, ಚರ್ಚೆ ಮಾಡಿದೆವು. ಸುರಪುರದ ಸ್ಟಾಫ್ ರೂಮಿನಲ್ಲಿ ‘ಮಾಹಿತಿ ಸಲೀಸಾಗಿ ಸಿಗ್ತದ’ ಎನ್ನುವ ದಲಿತ ಮಾಸ್ತರನ ಬಾಯಲ್ಲಿ ಅದೇ ವ್ಯವಸ್ಥೆ ಮಾತಾಡುತ್ತದೆ ಎಂದು ಹೊಳೆಯಲಿಲ್ಲ.

ಬಾಬಾಸಾಹೇಬರ ಉದಾಹರಣೆಯನ್ನು ನಾವು ಎಲ್ಲದಕ್ಕೂ ತರುತ್ತೇವೆ, ಇಲ್ಲಿ ಮಾತ್ರ ತರುವುದಿಲ್ಲ. 1916ರ ಮೇ 9ರಂದು ಕೊಲಂಬಿಯಾದಲ್ಲಿ ಗೋಲ್ಡನ್‌ವೈಜರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಅವರು ಒಂದು ಪ್ರಬಂಧ ಓದಿದರು. ಭಾರತದ ಜಾತಿಗಳು, ಅವುಗಳ ಹುಟ್ಟು ಮತ್ತು ನಡೆ ಕುರಿತದ್ದು. ವಯಸ್ಸು 25. ಒಬ್ಬ ವಿದ್ಯಾರ್ಥಿಯ ಸೆಮಿನಾರ್ ಪೇಪರು, ಅಷ್ಟೇ. ಅವರು ‘ಮಹಾರರ ಸಮಸ್ಯೆಗಳು’ ಎಂದು ಬರೆಯಬಹುದಿತ್ತು. ಮಾಹಿತಿ ಸಲೀಸಾಗಿ ಸಿಗುತ್ತಿತ್ತು! ಅವರು ಬರೆದದ್ದು ಬೇರೆ. ಜಾತಿಯನ್ನು ಹಿಡಿದಿಟ್ಟಿರುವ ಕೀಲು ಯಾವುದು ಎಂದು ಕೇಳಿ, ಒಳಮದುವೆ ಎಂದು ಉತ್ತರ ಹೇಳಿದರು. ಮೊದಲು ತನ್ನ ಬಾಗಿಲು ಹಾಕಿಕೊಂಡ ವರ್ಗ ಯಾವುದು ಎಂದು ಕೇಳಿ ಬ್ರಾಹ್ಮಣರ ಕಡೆ ಬೆರಳು ತೋರಿಸಿದರು. ಸತಿ, ವಿಧವೆಯ ಬಂಧನ, ಬಾಲ್ಯವಿವಾಹ ಇವೆಲ್ಲ ಆ ಬಾಗಿಲನ್ನು ಭದ್ರ ಮಾಡುವ ಅಗುಳಿಗಳು ಎಂದು ತೋರಿಸಿದರು. ದಾರಿಯಲ್ಲಿ ಸೆನಾರ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಎಂಬ ಆ ಕಾಲದ ಅಧಿಕೃತರನ್ನೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿ ವಿಚಾರಿಸಿದರು. ಪ್ರಶ್ನೆ ಮೇಲಕ್ಕೆ ಹೋಯಿತು.

ಇಷ್ಟಕ್ಕೆ ನಿಲ್ಲಿಸಿದರೆ ಅರ್ಧ ಮಾತಾಗುತ್ತದೆ. ಅದೇ ಮನುಷ್ಯ 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ ಕುರಿತು ಡಿ.ಎಸ್‌ಸಿ. ಪಡೆದರು. ಕೇನ್ಸ್ ಒಪ್ಪಿಕೊಂಡಿದ್ದ ಚಿನ್ನದ ವಿನಿಮಯ ಪದ್ಧತಿಯನ್ನೇ ಎದುರಿಸಿದ ಪುಸ್ತಕ ಅದು. ಗುರು ಎಡ್ವಿನ್ ಕ್ಯಾನನ್ ಮುನ್ನುಡಿಯಲ್ಲಿ ತಮ್ಮ ಭಿನ್ನಾಭಿಪ್ರಾಯಗಳನ್ನು ಹೇಳಿಯೇ ಪುಸ್ತಕವನ್ನು ಮೆಚ್ಚಿದರು. (ಶಿಷ್ಯನ ವಾದ ಒಪ್ಪದೆಯೂ ಅದಕ್ಕೆ ಮುನ್ನುಡಿ ಬರೆಯುವ ಗುರು! ನಮ್ಮಲ್ಲಿ ಒಪ್ಪಿದರೂ ಸಹಿ ಹಾಕಲು ಮೂರು ವಾರ ಓಡಾಡಿಸುತ್ತೇವೆ.) ಕೊಲಂಬಿಯಾದ ಪಿಎಚ್.ಡಿ.ಯೂ ಪ್ರಾಂತಗಳ ಹಣಕಾಸಿನ ಬಗ್ಗೆಯೇ. ಅಂದರೆ ಅಸ್ಪೃಶ್ಯನ ಮಗ ಅಸ್ಪೃಶ್ಯತೆಯನ್ನೇ ಬರೆಯಬೇಕು ಎಂಬ ಗೆರೆಯನ್ನು ಅವರು ಒಪ್ಪಿಕೊಳ್ಳಲಿಲ್ಲ. ನಮ್ಮ ಹುಡುಗ ಪಂಪನ ಛಂದಸ್ಸು ಬರೆಯುತ್ತೇನೆ ಎಂದರೆ ನಮ್ಮ ಚಳವಳಿಯ ಗೆಳೆಯರೇ ಮುಖ ಸಿಂಡರಿಸುತ್ತಾರೆ, ‘ಅವರ ಕಡೆ ಹೋದ’ ಎನ್ನುತ್ತಾರೆ. ಗೆಳೆಯರೇ, ಇದೂ ಕೇರಿ ಕಟ್ಟುವ ಕೆಲಸವೇ. ಸಿದ್ಧಲಿಂಗಯ್ಯನವರು ಪಿಎಚ್.ಡಿ.ಗೆ ಆರಿಸಿಕೊಂಡದ್ದು ಗ್ರಾಮದೇವತೆಗಳನ್ನು. ಹೋರಾಟದ ಹಾಡು ಬರೆದ ಕವಿ ದೇವರ ಬೆನ್ನು ಹತ್ತಿದ್ದು ಯಾಕೆ ಎಂದು ಅವತ್ತೂ ಕೇಳಿದವರು ಇದ್ದರು.

ಹಾಗಾದರೆ ‘ನಮ್ಮದು’ ಎಂಬುದಕ್ಕೆ ಬೆಲೆಯೇ ಇಲ್ಲವೇ? ಇದೆ. ಹುಡುಗನಿಗೆ ಗೊತ್ತಿದ್ದು ಮಾರ್ಗದರ್ಶಕನಿಗೆ ಗೊತ್ತಿಲ್ಲದ್ದು ಒಂದು ಇರುತ್ತದೆ. ವಿಷಯ ಅಲ್ಲಿಂದ ಹುಟ್ಟಬೇಕು. ಆದರೆ ಅದು ಉತ್ತರವಾಗಿ ಬರಬಾರದು, ಯಾರನ್ನಾದರೂ ಉತ್ತರ ಹೇಳುವಂತೆ ಮಾಡಬೇಕು. ಯಾರನ್ನು ಎಂಬುದರಲ್ಲಿ ಎಲ್ಲವೂ ಇದೆ.

ಕೆಂಭಾವಿಯ ಭೋಗಣ್ಣನ ಕತೆ ತೆಗೆದುಕೊಳ್ಳಿ. ಸುರಪುರ ತಾಲೂಕಿನ ಕೆಂಭಾವಿ. ಹರಿಹರ ರಗಳೆ ಬರೆದಿದ್ದಾನೆ, ಬಸವಪುರಾಣದಲ್ಲೂ ಕತೆ ಬರುತ್ತದೆ. ಅಸ್ಪೃಶ್ಯನೊಬ್ಬ ಜಂಗಮನಾಗಿ ಮನೆಗೆ ಬಂದ, ಭೋಗಣ್ಣ ಒಳಗೆ ಕರೆದು ಸತ್ಕರಿಸಿದ, ಊರಿನ ವಿಪ್ರರು ದೂರಿದರು, ಭೋಗಣ್ಣ ಊರು ಬಿಟ್ಟ, ಊರಿನ ಲಿಂಗಗಳೆಲ್ಲ ಅವನ ಹಿಂದೆಯೇ ಹೊರಟವು. ನಮ್ಮ ಕಡೆ ಈ ಕತೆಯ ಮೇಲೆ ಭಾಷಣ ಮಾಡದ ಶರಣಸಾಹಿತ್ಯದ ವಿದ್ವಾಂಸರಿಲ್ಲ. ಸಮಾನತೆ, ಕ್ರಾಂತಿ, ಹನ್ನೆರಡನೆಯ ಶತಮಾನ. ಆ ಕಡೆಯ ಹುಡುಗನೊಬ್ಬ ಒಂದು ದಿನ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ: ‘ಸರ್, ಉಣ್ಣಾಕ ಬಂದಾವ ಶಿವ ಅಂತ ಆಮ್ಯಾಲ ಹೇಳ್ತಾರಲ್ರಿ. ಹಂಗಾದ್ರ ನಮ್ಮವ ಬಂದೇ ಇಲ್ಲಲ್ರಿ?’

ನಾನು ಆ ರಗಳೆಯನ್ನು ಎಷ್ಟು ಸಲ ಪಾಠ ಮಾಡಿದ್ದೇನೋ. ಈ ಪ್ರಶ್ನೆ ನನಗೆ ಬಂದಿರಲಿಲ್ಲ. ನಿಜ, ಅಸ್ಪೃಶ್ಯನ ವೇಷದಲ್ಲಿ ಬಂದವನು ಶಿವ. ವೇಷ ಕಳಚಿದ ಮೇಲೆ ಊರು ಒಪ್ಪಿಕೊಂಡದ್ದು ಶಿವನನ್ನು. ವೇಷ ಯಾರದಾಗಿತ್ತೋ ಅವನು ಆ ಕತೆಯಲ್ಲಿ ಒಮ್ಮೆಯೂ ಹೊಸ್ತಿಲು ದಾಟಿಲ್ಲ. ಲಿಂಗಗಳು ಊರು ಬಿಟ್ಟು ಹೊರಟಾಗ ದಾರಿ ಕೇರಿಯ ಮುಂದೆಯೇ ಹಾದುಹೋಗಿರಬೇಕು. ಅಲ್ಲಿ ಯಾರು ಏನಂದರು ಎಂದು ಕವಿ ಹೇಳುವುದಿಲ್ಲ. ಭೋಗಣ್ಣನ ಎದೆಗಾರಿಕೆ ಸಣ್ಣದೆಂದು ನಾನು ಹೇಳುತ್ತಿಲ್ಲ, ಬಂದವನು ಯಾರೆಂದು ತಿಳಿಯದೆಯೇ ಅವನು ಬಾಗಿಲು ತೆಗೆದ. ಪ್ರಶ್ನೆ ಇರುವುದು ಕತೆ ಕಟ್ಟಿದವರಿಗೆ: ದೇವರ ಜಾಮೀನು ಇಲ್ಲದೆ ಒಬ್ಬ ಹೊಲೆಯನನ್ನು ಉಣ್ಣಿಸಿದರೆ ಕತೆ ನಿಲ್ಲುತ್ತಿರಲಿಲ್ಲವೇ? ಇದನ್ನು ಹಿಡಿದು ಹೊರಟರೆ ಹರಿಹರನನ್ನು ಓದಬೇಕು, ಪಾಲ್ಕುರಿಕೆ ಸೋಮನಾಥನನ್ನೂ ಭೀಮಕವಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು, ದೇವರು ವೇಷ ಹಾಕಿ ಬರುವ ಬೇರೆ ಕತೆಗಳನ್ನು ಹುಡುಕಬೇಕು, ಕೆಂಭಾವಿಯ ಕೇರಿಯಲ್ಲಿ ಇವತ್ತು ಈ ಕತೆಯನ್ನು ಹೇಗೆ ಹೇಳುತ್ತಾರೆ, ಹೇಳುತ್ತಾರೆಯೇ, ಎಂದು ಕೇಳಬೇಕು. ‘ಕೆಂಭಾವಿ ಭೋಗಣ್ಣ: ಒಂದು ಅಧ್ಯಯನ’ಕ್ಕೂ ಇದಕ್ಕೂ ಊರಿಗೂ ಕೇರಿಗೂ ಇರುವಷ್ಟು ದೂರ. ದಲಿತ ವಿಮರ್ಶೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಆ ಹುಡುಗನ ‘ನಮ್ಮವ ಬಂದೇ ಇಲ್ಲಲ್ರಿ’ ಎಂಬ ಮಾತನ್ನು ತೋರಿಸುತ್ತೇನೆ.

ಸಾಹಿತ್ಯದ ಹೊರಗಿನದೂ ಒಂದು ಹೇಳಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದರು. 1982ರ ಹೊತ್ತಿಗೆ ನಾರಾಯಣಪುರದ ಅಣೆಕಟ್ಟು ಎದ್ದು ನಿಂತು, ಎಡದಂಡೆ ಕಾಲುವೆ ಸುರಪುರ, ಶಹಾಪುರದ ಎರೆಹೊಲಗಳಿಗೆ ನೀರು ತಂದಿತು. ಜೋಳದ ಸೀಮೆಯಲ್ಲಿ ಭತ್ತ ಬಂತು. ಆಂಧ್ರದ ಕಡೆಯಿಂದ ರೈತರು ಬಂದು ಕ್ಯಾಂಪು ಕಟ್ಟಿಕೊಂಡರು. ‘ನೀರಾವರಿಯಿಂದ ಗ್ರಾಮೀಣಾಭಿವೃದ್ಧಿ: ಒಂದು ಅಧ್ಯಯನ’ ಎಂಬುದು ಅರ್ಥಶಾಸ್ತ್ರ ವಿಭಾಗದವರ ನಿತ್ಯದ ಅನ್ನ. ನೀರು ಬಂತು, ಇಳುವರಿ ಹೆಚ್ಚಿತು, ಬದುಕು ಸುಧಾರಿಸಿತು. ಯಾರದು? ಅದೇ ಸುರಪುರ, ಶಹಾಪುರದಿಂದ ಅದೇ ಹೊತ್ತಿಗೆ ಜನ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುತ್ತಿದ್ದಾರೆ. ಯಾದಗಿರಿ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಹಬ್ಬ ಮುಗಿದ ಮಾರನೆಯ ದಿನ ನಿಂತು ನೋಡಿ: ಗಂಟುಮೂಟೆ, ರೊಟ್ಟಿಬುತ್ತಿ, ಮಡಿಲಲ್ಲಿ ಮಕ್ಕಳು. ಕಾಲುವೆ ಇರುವ ಊರಿಂದಲೂ ಯಾಕೆ ಹೋಗುತ್ತಾರೆ ಎಂಬುದು ಪ್ರಶ್ನೆ.

ಇದಕ್ಕೆ ಗುಳೆ ಹೋದವರಿಗೆ ನಲವತ್ತು ಪ್ರಶ್ನೆ ಕೊಟ್ಟು ‘ನೀವು ಯಾಕೆ ಹೋದಿರಿ’ ಎಂದು ಕೇಳಬೇಕಿಲ್ಲ. ಒಂದೇ ಒಂದು ವಿತರಣಾ ಕಾಲುವೆ ಹಿಡಿಯಿರಿ. ಮೊದಲಿನ ತೂಬಿನಿಂದ ಕೊನೆಯ ತನಕ ನಡೆಯಿರಿ. ಯಾವ ಸರ್ವೆ ನಂಬರಿನಲ್ಲಿ ಯಾರ ಹೊಲ, ಪಹಣಿ ತೆಗೆಸಿ. ಕೊನೆಭಾಗಕ್ಕೆ ನೀರು ಹತ್ತುವುದಿಲ್ಲ ಎಂಬ ಕೂಗು ಪ್ರತಿ ಹಂಗಾಮಿನಲ್ಲೂ ಏಳುತ್ತದಲ್ಲ, ಆ ಕೊನೆಯಲ್ಲಿ ಇರುವವರು ಯಾರು? ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನು ಯಾವುದಾದರೂ ಇತ್ತೇ, ಕಾಲುವೆ ಬರುವ ಸುದ್ದಿ ಹಬ್ಬಿದ ಮೇಲೆ ಅದು ಯಾರ ಹೆಸರಿಗೆ ಹೋಯಿತು? ಮಂಜೂರಾದ ಜಮೀನಿನ ಪರಭಾರೆ ನಿಷೇಧದ 1978ರ ಕಾಯ್ದೆ ಇದೆ. ಕಾಲ ಮೀರಿತು ಎಂದು ಅರ್ಜಿಗಳು ಬಿದ್ದುಹೋಗುತ್ತಿದ್ದವು, 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ತಹಶೀಲ್ದಾರರ ಕಚೇರಿಗೆ 2005ರ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿದರೆ ಕಾಗದ ಬರುತ್ತದೆ. ಬಾರದಿದ್ದರೆ ಬಾರದ ಉತ್ತರವನ್ನೇ ಪ್ರಬಂಧದಲ್ಲಿ ಅಂಟಿಸಬಹುದು. ಇಲ್ಲಿ ಉತ್ತರ ಕೊಡಬೇಕಾದವರು ನೀರಾವರಿ ಇಲಾಖೆ, ಕಂದಾಯ ಇಲಾಖೆ, ಕಾಲುವೆಯ ತಲೆಯಲ್ಲಿ ಕೂತವರು. ಕೇರಿಯ ಹುಡುಗ ಕಾಲುವೆ ದಂಡೆಯ ಮೇಲೆ ಪಹಣಿ ಹಿಡಿದು ನಡೆದರೆ ಊರು ಸುಮ್ಮನೆ ನೋಡುತ್ತದೆಯೇ? ನೋಡುವುದಿಲ್ಲ. ಮಾರ್ಗದರ್ಶಕ ಜೊತೆಗೆ ನಡೆಯಬೇಕಾಗುತ್ತದೆ. ನಮಗೆ ಸಲೀಸಾದ ವಿಷಯದ ಮೇಲೆ ಅಷ್ಟು ಮೋಹ ಯಾಕೆಂದು ಈಗ ಗೊತ್ತಾಯಿತಲ್ಲ.

ಇನ್ನು ಉಳಿದವನ್ನು ಬೇಗ ಬೇಗ ಹೇಳುತ್ತೇನೆ. ಸುರಪುರ ಸಂಸ್ಥಾನ ಎಂದರೆ ನಮ್ಮವರು ರಾಜಾ ವೆಂಕಟಪ್ಪ ನಾಯಕನ 1858ರ ಬಂಡಾಯ ಮತ್ತು ಅವನ ಸಾವಿಗೆ ಬಂದು ನಿಲ್ಲುತ್ತಾರೆ. ಅದಕ್ಕೂ ಮೊದಲು 1841ರಿಂದ 1853ರ ತನಕ ಇಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಸುರಪುರದ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ಕಲ್ಲು ಹೊತ್ತವರು ಯಾರು, ಕೂಲಿಯೋ ಬಿಟ್ಟಿಯೋ ಎಂದು ಆ ಪುಟಗಳನ್ನು ಕೇಳಿದವರು ಬೇಕು. ನಿಜಾಮರ ಕಾಲದ ದಫ್ತರುಗಳು ಉರ್ದುವಿನಲ್ಲಿವೆ. ಓದಲು ಬರುವುದಿಲ್ಲ ಎಂದು ಕೈಬಿಡುತ್ತೇವೆ. ಮೊಹಲ್ಲಾದಲ್ಲಿ ಓದಬಲ್ಲ ಹಿರಿಯರಿದ್ದಾರೆ. ಅವರ ಕಟ್ಟೆಯ ಮೇಲೆ ಹದಿನೈದು ದಿನ ಕೂತರೆ ದಫ್ತರೂ ತೆರೆಯುತ್ತದೆ, ಎರಡು ಓಣಿಗಳ ನಡುವಿನ ಮಾತೂ ತೆರೆಯುತ್ತದೆ. 1968ರಲ್ಲಿ ಬಿ. ಶ್ಯಾಮಸುಂದರ್ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. ಅದನ್ನು ಕಣ್ಣಾರೆ ಕಂಡವರು ಈಗ ಎಂಬತ್ತರ ಹತ್ತಿರ ಇದ್ದಾರೆ. ಮುಂದಿನ ವರ್ಷ ಮಾಡೋಣ ಎನ್ನುವ ವಿಷಯವಲ್ಲ ಅದು. ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ ಎಂದು ನೆಲ ಕೊರೆದರು. ಮೈಲಾಪುರದ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದನ್ನು ನಿಷೇಧಿಸಿದ ಮೇಲೆ ಪೊಲೀಸರು ನಾಕಾ ಹಾಕಿ ಮರಿ ಹಿಡಿಯುತ್ತಾರೆ. ಹರಕೆಗೂ ಕಾನೂನಿಗೂ ನಡುವೆ ನಿಂತ ಆ ನಾಕಾದಲ್ಲಿ ಒಂದು ಇಡೀ ಪ್ರಬಂಧವಿದೆ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು ಸುಮಾರು 12 ಲಕ್ಷ ವರ್ಷದ ಹಿಂದಿನ ಕಲ್ಲಿನ ಆಯುಧಗಳ ನೆಲೆಯನ್ನು ಅಗೆದು ತೋರಿಸಿದರು. ಅದೇ ಸೀಮೆಯಲ್ಲಿ ನೂರು ವರ್ಷದ ಹಿಂದಿನ ನಮ್ಮ ಕೇರಿಯ ಒಂದು ಕಾಗದ ಹುಡುಕಿ ಕೊಡಿ ಎಂದರೆ ಎಲ್ಲಿಗೆ ಹೋಗಬೇಕೋ ತಿಳಿಯದು.

ನಮಗೆ ನಾವೇ ಕೇಳಿಕೊಳ್ಳಬೇಕಾದ್ದೂ ಇದೆ. ಶಹಾಪುರದ ಗುಡ್ಡದ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ನಮ್ಮ ಹುಡುಗರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ನಾನೂ ತೆಗೆಸಿಕೊಂಡಿದ್ದೇನೆ. ಆ ಗುಡ್ಡಕ್ಕೆ ‘ಬುದ್ಧ’ ಎಂಬ ಹೆಸರು ಯಾರ ಬಾಯಲ್ಲಿ, ಯಾವಾಗಿನಿಂದ? ಅದಕ್ಕೂ ಮುಂಚೆ ಕುರಿ ಕಾಯುವವರು ಏನೆಂದು ಕರೆಯುತ್ತಿದ್ದರು? ಉತ್ತರ ನಮಗೆ ಹಿತವಾಗಿಯೇ ಇರಬೇಕೆಂದಿಲ್ಲ. ಹಿತವಾಗಿ ಇರಬೇಕೆಂದು ಮೊದಲೇ ನಿಶ್ಚಯಿಸಿಕೊಂಡರೆ ನಾವೂ ‘ಒಂದು ಅಧ್ಯಯನ’ ಬರೆಯುತ್ತೇವೆ.

ಆ ಹುಡುಗಿಯ ಮಾತು ಅರ್ಧಕ್ಕೆ ಬಿಟ್ಟೆ. ಪ್ರಶ್ನಾವಳಿ ವಾಪಸು ಕೊಟ್ಟು ಹೋದವಳು ತಿಂಗಳ ಮೇಲೆ ತನ್ನ ಶಾಲೆಯ ಟಿ.ಸಿ. ತಂದಳು. ‘ತಂದೆಯ ಹೆಸರು’ ಎಂಬಲ್ಲಿ ತಾಯಿಯ ತಂದೆಯ ಹೆಸರಿತ್ತು. ‘ಇದನ್ನ ಬರದವರು ಹೆಡ್‌ಮಾಸ್ತರ್ರಿ. ಅವ್ವಗ ಕೇಳಿಲ್ಲ. ಹಿಂಗ ಎಷ್ಟ್ ಮಂದೀದು ಬರದಾರ, ಏನಂತ ಬರದಾರ, ಯಾಕ್ ಹಂಗ ಬರದ್ರು ಅಂತ ಮಾಸ್ತರರಿಗೆ ಕೇಳ್ತೀನ್ರಿ’ ಎಂದಳು. ಶಾಲೆಯ ದಾಖಲಾತಿ ಪುಸ್ತಕದ ಒಂದು ಕಾಲಂ. ನನ್ನ ನಲವತ್ತು ಪ್ರಶ್ನೆಯ ಪ್ರಶ್ನಾವಳಿಯನ್ನು ಆಕೆ ಒಂದೇ ಸಲಕ್ಕೆ ತಲೆಕೆಳಗು ಮಾಡಿದ್ದಳು. ಈಗ ಅವ್ವ ಮಾಹಿತಿದಾರಳಲ್ಲ, ಸರ್ಕಾರದ ರಿಜಿಸ್ಟರು ಮಾಹಿತಿದಾರ. ಎರಡು ಶಾಲೆಯಲ್ಲಿ ಪುಸ್ತಕ ತೋರಿಸಿದರು, ಒಂದು ಕಡೆ ಗೇಟಿನಲ್ಲೇ ಕಳಿಸಿದರು. ಐವತ್ತೆರಡು ಪುಟ ಬರೆದಳು. ತಪ್ಪುಗಳಿದ್ದವು, ನಾನೇ ತಿದ್ದಿದೆ. ತಿದ್ದಬಾರದ ಕಡೆಯೂ ತಿದ್ದಿದೆನೇನೋ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಪುಟ ತಿರುವಿ, ‘ಮಾದರಿ ಎಷ್ಟು? ಸಿದ್ಧಾಂತ ಯಾವುದು? ಇದು ಅನುಭವ ಆಯ್ತಮ್ಮ, ಸಂಶೋಧನೆ ಆಗಲಿಲ್ಲ’ ಎಂದರು. ಆಕೆ ನನ್ನ ಕಡೆ ನೋಡಿದಳು. ಮಾರ್ಗದರ್ಶಕನಾಗಿ ನಾನು ಹೇಳಬೇಕಾದ್ದು ಬಾಯಿಯ ತನಕ ಬಂದಿತ್ತು. ಸರ್ಕಾರದ ಪುಸ್ತಕದಲ್ಲಿ ಬರೆದದ್ದು ಇವಳ ಅನುಭವ ಹೇಗಾಗುತ್ತದೆ ಸರ್, ಅದು ದಾಖಲೆ ಎಂದು. ಹೇಳಲಿಲ್ಲ. ಬಂದವರು ನನಗೆ ಬೇಕಾದವರಾಗಿದ್ದರು, ನನ್ನದೂ ಒಂದು ಫೈಲು ಅವರ ಹತ್ತಿರ ಇತ್ತು. ಆಕೆಗೆ ಪಾಸಾಗುವಷ್ಟು ಅಂಕ ಬಂತು. 2025ರಲ್ಲಿ ದೇವದಾಸಿಯರ ಕುರಿತ ಹೊಸ ಮಸೂದೆ ವಿಧಾನಮಂಡಲದಲ್ಲಿ ಪಾಸಾದಾಗ, ಅವರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯುವ ಕಡ್ಡಾಯ ಇಲ್ಲ ಎಂಬ ಸುದ್ದಿ ಓದಿ ಟ್ರಂಕಿನಿಂದ ಆ ಐವತ್ತೆರಡು ಪುಟ ತೆಗೆದೆ. ಕಪಾಟಿನ ಪ್ರತಿಗೆ ಗೆದ್ದಲು ಹತ್ತಿತ್ತು. ನನ್ನ ಹತ್ತಿರ ಇದ್ದದ್ದು ಚೆನ್ನಾಗಿದೆ. ಆಕೆಗೆ ಫೋನ್ ಮಾಡಬೇಕೆಂದುಕೊಂಡವನು ಇನ್ನೂ ಮಾಡಿಲ್ಲ.

ಈಚೆಗೆ ನಾನು ವಿಷಯದ ಪಟ್ಟಿ ಕೊಡುವುದನ್ನು ಬಿಟ್ಟಿದ್ದೇನೆ. ಮನೆಯಿಂದ ಒಂದು ಕಾಗದ ತನ್ನಿ ಎನ್ನುತ್ತೇನೆ. ಪಹಣಿ, ಜಾಬ್ ಕಾರ್ಡು, ನೀರಿನ ಕರದ ರಸೀದಿ, ಆಸ್ಪತ್ರೆಯ ಚೀಟಿ, ಏನಾದರೂ ಸರಿ. ಮೊದಮೊದಲು ನಗುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ತಾಯಿಯ ಗೇಟ್ ಪಾಸ್ ತಂದಿದ್ದ. ಪ್ಲಾಸ್ಟಿಕ್ ಹೊದಿಕೆ ಕಿತ್ತುಹೋಗಿತ್ತು. ತಾಯಿಯ ಹೆಸರು ತಪ್ಪು, ಊರಿನ ಹೆಸರು ಇಲ್ಲ, ಜಿಲ್ಲೆ ಎಂಬಲ್ಲಿ ‘ಗುಲ್ಬರ್ಗಾ’. ‘ಯಾದಗಿರಿ ಜಿಲ್ಲಾ ಆಗಿದ್ದು 2009ರಾಗ್ರಿ ಸರ್. ಇವರಿಗೆ ಇನ್ನಾ ಗೊತ್ತಿಲ್ಲೇನ್ರಿ?’ ಎಂದ.

‘ಅದನ್ನೇ ಕೇಳು’ ಎಂದೆ.

‘ಯಾರಿಗ್ ಕೇಳ್ಬೇಕ್ರಿ?’

ಇಬ್ಬರೂ ಕೂತು ಪಟ್ಟಿ ಮಾಡಿದೆವು. ಗೇಟಿನ ಸೂಪರ್‌ವೈಸರ್, ಲೇಬರ್ ಮೇಸ್ತ್ರಿ, ಗುತ್ತಿಗೆದಾರ, ಕಟ್ಟಿಸುವ ಕಂಪನಿ, ಕಾರ್ಮಿಕ ಇಲಾಖೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ಆರು ಹೆಸರಾದವು. ‘ನಮ್ಮವ್ವನ ಹೆಸರು ಏಳನೇದು ಬರೀಲೇನ್ರಿ?’ ಎಂದು ಪೆನ್ನು ಹಿಡಿದ. ಆಕೆಯ ಹೆಸರು ಆ ಪಟ್ಟಿಯಲ್ಲಿ ಬೇಡ ಎಂದೆ.